ಜೈಲು ತುಂಬಿದ್ದು ಕಳ್ಳರಿಂದಲ್ಲ

ಜೈಲು ಸಾಲೂದಿಲ್ಲ, ಇನ್ನೊಂದು ಕಟ್ಟಿಸಬೇಕು. ಈ ಮಾತನ್ನು ನಾನು ಪತ್ರಿಕೆಯಲ್ಲಿ ಓದಿದ್ದೇನೆ, ಗಡಹಿಂಗ್ಲಜ ಬಸ್ಸಿನಲ್ಲಿ ಕೇಳಿದ್ದೇನೆ, ನಮ್ಮ ವಾಚನಾಲಯದ ಕಟ್ಟೆಯ ಮೇಲೂ ಕೇಳಿದ್ದೇನೆ. ಹೇಳುವವರು ಒಂದೇ ಉಸಿರಿನಲ್ಲಿ ಎರಡು ಮಾತು ಹೇಳ್ತಾರ. ದೇಶದಾಗ ಕಳ್ಳರು ಹೆಚ್ಚಾದರು, ಅದಕ್ಕೇ ಜೈಲು ತುಂಬ್ಯಾವು ಅನ್ನೋದು ಒಂದು. ಒಳಗ ಹೋದವರಿಗೆ ಬಿಟ್ಟಿ ಕೂಳು ಹಾಕಿ, ಮ್ಯಾಲೆ ಓದಿಸಿ ಬರೆಸಿ ಯಾಕ ಸಾಕಬೇಕು ಅನ್ನೋದು ಇನ್ನೊಂದು. ಎರಡೂ ತಪ್ಪು ಎಂದು ನಾನು ಇಲ್ಲಿ ಹೇಳುವವನಿದ್ದೇನೆ. ಸಿಟ್ಟು ಬಂದವರು ಪೂರ್ತಿ ಓದಿ ಆಮೇಲೆ ಬೈಯಬೇಕು.

ಮೊದಲು ಲೆಕ್ಕ. 2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿ ಇದ್ದ ಜಾಗ 4,36,266 ಮಂದಿಗೆ. ಒಳಗೆ ಇದ್ದವರು 5,73,220. ಅಂದರೆ ನೂರು ಮಂದಿ ಮಲಗುವಲ್ಲಿ ನೂರಾ ಮೂವತ್ತೊಂದು ಮಂದಿ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಇದರ ಪಕ್ಕದ ಇನ್ನೊಂದು ಅಂಕಿಯನ್ನು ಯಾರೂ ಹೇಳುವುದಿಲ್ಲ. ಆ ಐದು ಲಕ್ಷ ಚಿಲ್ಲರೆ ಮಂದಿಯಲ್ಲಿ 4,34,302 ಮಂದಿಯ ಖಟ್ಲೆ ಇನ್ನೂ ಮುಗಿದಿಲ್ಲ. ಅವರು ತಪ್ಪು ಮಾಡಿದ್ದಾರೋ ಇಲ್ಲವೋ ಕೋರ್ಟು ಇನ್ನೂ ಹೇಳಿಲ್ಲ. ನಾವು ಆಡುಮಾತಿನಲ್ಲಿ ‘ಕಚ್ಚಾ ಕೈದಿ’ ಅನ್ನುತ್ತೇವಲ್ಲ, ಅವರು. ಈಗ ಎರಡೂ ಅಂಕಿ ಪಕ್ಕಪಕ್ಕ ಇಟ್ಟು ನೋಡಿರಿ. ದೇಶದ ಜೈಲುಗಳಲ್ಲಿ ಇರುವ ಜಾಗವನ್ನೆಲ್ಲ ಕಚ್ಚಾ ಕೈದಿಗಳೇ ತುಂಬಿಬಿಡುತ್ತಾರೆ. ಶಿಕ್ಷೆ ಆದವರು ಸುಮಾರು 1,33,000. ಬರೀ ಅವರಷ್ಟೇ ಒಳಗಿದ್ದರೆ ಹತ್ತು ಕೋಣೆಯಲ್ಲಿ ಏಳು ಕೋಣೆ ಖಾಲಿ ಬೀಳುತ್ತಿದ್ದವು.

ಹಂಗಾದರ ಕಚ್ಚಾ ಕೈದಿಗಳನ್ನೆಲ್ಲ ಬಿಟ್ಟುಬಿಡಬೇಕೇನು ಎಂದು ಕೇಳಬಹುದು. ಬೇಡ. ಖೂನಿ, ಬಲಾತ್ಕಾರದಂಥ ಖಟ್ಲೆಗಳಲ್ಲಿ ಸಾಕ್ಷಿದಾರರನ್ನು ಹೆದರಿಸುವವರಿದ್ದಾರೆ, ಓಡಿಹೋಗುವವರಿದ್ದಾರೆ. ಅಂಥವರನ್ನು ಕೋರ್ಟು ಒಳಗೆ ಇಟ್ಟುಕೊಳ್ಳಲಿ. ನನ್ನ ಜಗಳ ಅವರ ಬಗ್ಗೆ ಅಲ್ಲ. ಕೋರ್ಟೇ ‘ಹೋಗಪ್ಪಾ’ ಎಂದು ಜಾಮೀನು ಕೊಟ್ಟ ಮೇಲೂ ಒಳಗೇ ಕೂತವರ ಬಗ್ಗೆ. ಜಾಮೀನು ಸಿಕ್ಕಿದೆ, ಆದರ ಜಾಮೀನುದಾರ ಸಿಕ್ಕಿಲ್ಲ. ಕಾಗದ ಬಂದಿದೆ, ಸಹಿ ಹಾಕುವವ ಇಲ್ಲ. ಅವನನ್ನು ಒಳಗೆ ಇಟ್ಟದ್ದು ನ್ಯಾಯಾಧೀಶರಲ್ಲ, ಪೋಲೀಸರೂ ಅಲ್ಲ. ಊರು ಇಟ್ಟದ್ದು.

ನಮ್ಮಂಥ ಗಡಿ ಊರಿನಲ್ಲಿ ಇದು ಇನ್ನೂ ಕಠಿಣ. ನಮ್ಮ ಮಂದಿ ಸಂತೆಗೆ, ಕೂಲಿಗೆ, ಬೀಗತನಕ್ಕೆ ದಿನಾ ಗಡಿ ದಾಟುತ್ತಾರೆ. ಹೆಣ್ಣು ಕೊಡುವಾಗ ತರುವಾಗ ಯಾವ ರಾಜ್ಯ ಅಂತ ಯಾರೂ ಕೇಳುವುದಿಲ್ಲ. ಆದರ ಪೋಲೀಸ್ ಕೇಸು ಆದ ದಿನ ಗಡಿ ಎದ್ದು ನಿಲ್ಲುತ್ತದೆ. ಈಚೆ ಹಿಡಿದರೆ ಕಳಂಬಾ, ಆಚೆ ಹಿಡಿದರೆ ಹಿಂಡಲಗಾ. ಈಚೆಯ ಕಾಗದ ಮರಾಠಿ, ಆಚೆಯ ಕಾಗದ ಕನ್ನಡ. ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ಮರಾಠಿ ಕಲಿತ ನಮ್ಮ ಹುಡುಗ ಈಚೆಯ ದೋಷಾರೋಪ ಪತ್ರವನ್ನು ಓದಬಲ್ಲ, ತಿಳಿಯಲಾರ. ಆಚೆಯದ್ದನ್ನು ಕೇಳಿದರೆ ಅರ್ಧ ತಿಳಿದಾನು, ಓದಲಾರ. ಈಚೆಯ ಹೊಲಕ್ಕೆ ಸಾತಬಾರಾ, ಆಚೆಯ ಹೊಲಕ್ಕೆ ಪಹಣಿ. ಇಲ್ಲಿಯ ತಲಾಠಿಯ ಶಿಕ್ಕೆ ಅಲ್ಲಿಯ ಗುಮಾಸ್ತನಿಗೆ ಗುರುತಿಲ್ಲ.

ನಾನೇ ಒಮ್ಮೆ ಗಡಿಯಾಚೆಯ ಒಂದು ಕೋರ್ಟಿನಲ್ಲಿ ನಮ್ಮೂರಿನ ಹುಡುಗನಿಗೆ ಜಾಮೀನು ನಿಲ್ಲಲು ಹೋಗಿದ್ದೆ. ಯಾವ ಕೋರ್ಟು ಎಂದು ಬರೆಯುವುದಿಲ್ಲ. ಸಾತಬಾರಾ, ಆಧಾರ, ರೇಶನ್ ಕಾರ್ಡು, ಫೋಟೊ ಎಲ್ಲಾ ಗಂಟು ಕಟ್ಟಿಕೊಂಡು ಹೋದೆ. ಗುಮಾಸ್ತ ಉತಾರ ತಿರುವಿ ನೋಡಿ, “ಇದು ನಡೆಯೂದಿಲ್ಲರೀ, ಇದೇ ತಾಲೂಕಿನ ಹೊಲದವರು ಬೇಕು” ಅಂದ. ನಮ್ಮ ಹೊಲದ ಬದುವಿನ ಮೇಲೆ ನಿಂತರೆ ಕಾಣುವಷ್ಟು ದೂರದಲ್ಲಿ ಕರ್ನಾಟಕ ಇದೆ ಎಂದು ಅವನಿಗೆ ಹೇಳಿ ಏನು ಪ್ರಯೋಜನ? ಮೂರು ಸಲ ಹೋದೆ. ಮೂರನೆಯ ಸಲ ಆವಾರದಲ್ಲಿ ಒಬ್ಬ ಹತ್ತಿರ ಬಂದು, ಇಷ್ಟು ರೊಕ್ಕ ಕೊಟ್ಟರೆ ಇದೇ ತಾಲೂಕಿನ ಜಾಮೀನುದಾರ ತಯಾರ ಇದ್ದಾನ ಅಂದ. ಬಾಡಿಗೆ ಎತ್ತು ಕೇಳಿದ್ದೆ, ಬಾಡಿಗೆ ಜಾಮೀನುದಾರನನ್ನು ಅವತ್ತೇ ನೋಡಿದ್ದು. ರೊಕ್ಕ ಇದ್ದವನಿಗೆ ಗುರುತಿಲ್ಲದ ಮನುಷ್ಯನೂ ಜಾಮೀನು ನಿಲ್ಲುತ್ತಾನೆ. ರೊಕ್ಕ ಇಲ್ಲದವನಿಗೆ ಸ್ವಂತ ಊರಿನವನು ನಿಂತರೂ ನಡೆಯೂದಿಲ್ಲ. ಕೊನೆಗೆ ಸಂಕೇಶ್ವರ ಕಡೆಯ ಬೀಗರೊಬ್ಬರು ಸಹಿ ಹಾಕಿದರು. ಅಷ್ಟರೊಳಗೆ ಹುಡುಗ ನಲವತ್ತು ದಿನ ಹೆಚ್ಚಿಗೆ ಒಳಗಿದ್ದ.

ಇಂಥದ್ದು ಕಾನೂನಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. 1978ರಲ್ಲಿ ಮೋತಿರಾಮ ಎಂಬ ಗಾರೆ ಕೆಲಸದವನ ಖಟ್ಲೆ ಮಧ್ಯಪ್ರದೇಶದಿಂದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿ ಜಾಮೀನು ಕೇಳಿದ್ದರು. ಅವನ ಸಹೋದರ ಜಾಮೀನು ನಿಲ್ಲಲು ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರುಗಿ ಕಳಿಸಿದ್ದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ ಕೇಳಿದ ಪ್ರಶ್ನೆ ನಮ್ಮನ್ನೇ ಕುರಿತು ಕೇಳಿದಂತಿದೆ: ಒಬ್ಬ ಕನ್ನಡಿಗನನ್ನೋ ಮಲಯಾಳಿಯನ್ನೋ ದೂರದ ಬಸ್ತಾರದಲ್ಲಿ ಹಿಡಿದರೆ ಅವನು ಅಲ್ಲಿ ಹೊಲಮನೆ ಇದ್ದ ಜಾಮೀನುದಾರನನ್ನು ಎಲ್ಲಿಂದ ತರಬೇಕು? ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆ ಬರೆಸಿಕೊಂಡು ಬಿಡಿರಿ ಎಂದು ಕೋರ್ಟು ಹೇಳಿತು. 2023ರ ಜನೇವರಿ 31ರಂದು ಅದೇ ಸುಪ್ರೀಂ ಕೋರ್ಟು ಮತ್ತೆ ಹೇಳಿದೆ. ‘ಸ್ಥಳೀಯ ಜಾಮೀನುದಾರನೇ ಬೇಕು’ ಎಂಬ ಹಟದಿಂದ ಬಿಡುಗಡೆ ತಡವಾಗುತ್ತದೆ, ಅಂಥ ಶರತ್ತು ಹಾಕಬೇಡಿರಿ. ಜಾಮೀನು ಆಗಿ ಏಳು ದಿನದೊಳಗೆ ಕೈದಿ ಹೊರಗೆ ಬರದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನು ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಶರತ್ತು ಸಡಿಲ ಮಾಡುವುದನ್ನು ನೋಡಬಹುದು. ಇದೆಲ್ಲ ಬರೆದಿಟ್ಟ ಮಾತು. ಬರೆದಿಟ್ಟದ್ದನ್ನು ಕೋರ್ಟಿನ ಖಿಡಕಿಯ ಮುಂದೆ ನಿಂತು ಕೇಳುವವರು ಬೇಕಷ್ಟೆ.

ಇನ್ನೊಂದು ನಿಯಮ ಶಾಲಾ ಮಾಸ್ತರರು ಬಾಯಿಪಾಠ ಮಾಡಿಸುವಂಥದ್ದು. 2024ರ ಜುಲೈ 1ರಿಂದ ಬಂದ ಹೊಸ ಕಾಯ್ದೆಯ 479ನೆಯ ಕಲಮು. ಮೊದಲನೆಯ ಸಲ ಸಿಕ್ಕಿಬಿದ್ದವನು, ಆ ಗುನ್ಹೆಗೆ ಆಗಬಹುದಾದ ಹೆಚ್ಚಿನ ಶಿಕ್ಷೆಯ ಮೂರನೇ ಒಂದು ಪಾಲು ಒಳಗೇ ಕಳೆದಿದ್ದರೆ ಅವನನ್ನು ಮುಚ್ಚಳಿಕೆಯ ಮೇಲೆ ಬಿಡಬೇಕು. ಉಳಿದವರಿಗೆ ಅರ್ಧ ಕಳೆದ ಮೇಲೆ. ಮರಣದಂಡನೆ, ಜೀವಾವಧಿ ಆಗಬಹುದಾದ ಗುನ್ಹೆಗಳಿಗೆ ಇದು ಇಲ್ಲ. ಒಂದಕ್ಕಿಂತ ಹೆಚ್ಚು ಖಟ್ಲೆ ಇದ್ದವರಿಗೂ ಇಲ್ಲ. ಹೊಲದ ಮೋಟಾರು ಕದ್ದ ಆರೋಪ ಅನ್ನಿರಿ. ಸಾದಾ ಕಳುವಿಗೆ ಹೆಚ್ಚೆಂದರೆ ಮೂರು ವರ್ಷ. ಮೊದಲ ಸಲದವನಿಗೆ ಒಂದು ವರ್ಷ ತುಂಬಿದರೆ ಬಾಗಿಲು ತೆರೆಯಬೇಕು, ಕೋರ್ಟಿಗೆ ಅರ್ಜಿ ಹಾಕುವುದು ಜೈಲಿನ ಅಧೀಕ್ಷಕರ ಕೆಲಸ. ಒಳಗಿದ್ದವನಿಗೆ ತಾರೀಖು ಎಣಿಸಲು ಬಂದರೆ ಅವನೇ ನೆನಪು ಮಾಡಿ ಕೊಟ್ಟಾನು. ಬರದಿದ್ದರೆ?

ಇಲ್ಲಿಯೇ ಓದು-ಬರಹದ ಮಾತು ಬರುತ್ತದೆ. ‘ಕೈದಿಗೆ ಶಾಲೆ ಯಾಕ’ ಅನ್ನುವವರು ಇದನ್ನು ಗಮನಿಸಬೇಕು. ನಮ್ಮ ಜೈಲುಗಳಲ್ಲಿರುವವರಲ್ಲಿ ಹೆಚ್ಚುಕಮ್ಮಿ ನಾಲ್ವರಲ್ಲಿ ಒಬ್ಬ ನಿರಕ್ಷರಿ. ಮೂರರಲ್ಲಿ ಇಬ್ಬರಷ್ಟು ಮಂದಿ ಹತ್ತನೆಯ ಇಯತ್ತೆ ಮುಟ್ಟಿದವರಲ್ಲ. ಇವರಿಗೆ ಅಕ್ಷರ ಕಲಿಸುವುದು ಉಪಕಾರವಲ್ಲ. ತನ್ನ ಮೇಲಿನ ಆರೋಪ ಏನು, ಮುಂದಿನ ತಾರೀಖು ಯಾವುದು, ವಕೀಲ ಯಾವ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡ ಎಂದು ತಿಳಿಯಲಿಕ್ಕೆ ಬೇಕಾದ ಹತ್ಯಾರು ಅದು. ಅಕ್ಷರ ಬಂದವನು ಬೇಗ ಹೊರಗೆ ಬರುತ್ತಾನೆ, ಅವನ ಜಾಗ ಖಾಲಿ ಆಗುತ್ತದೆ.

ಒಳಗೆ ಶಾಲೆ ಇಲ್ಲವೆಂದಲ್ಲ. ನಾಶಿಕದ ಯಶವಂತರಾವ ಚವ್ಹಾಣ ಮುಕ್ತ ವಿದ್ಯಾಪೀಠ, ದಿಲ್ಲಿಯ ಇಂದಿರಾ ಗಾಂಧಿ ಮುಕ್ತ ವಿದ್ಯಾಪೀಠ ಎರಡೂ ಮಹಾರಾಷ್ಟ್ರದ ಜೈಲುಗಳಲ್ಲಿ ಕೇಂದ್ರ ನಡೆಸುತ್ತವೆ. ಶಿಕ್ಷೆ ಆದವನು ಒಳಗೆ ಓದಿ ಪರೀಕ್ಷೆ ಪಾಸಾದರೆ ಶಿಕ್ಷೆಯಲ್ಲಿ ಸ್ವಲ್ಪ ಸೂಟಿಯೂ ಸಿಗುತ್ತದೆ. ಒಳ್ಳೆಯದೇ. ಆದರ ಇದು ಯಾರಿಗೆ ದಕ್ಕುತ್ತದೆ? ಎಷ್ಟು ವರ್ಷ ಇರುತ್ತೇನೆ ಎಂದು ಗೊತ್ತಿದ್ದ ಪಕ್ಕಾ ಕೈದಿಗೆ. ಕಚ್ಚಾ ಕೈದಿಯನ್ನು ಇವತ್ತು ಕೋರ್ಟಿಗೆ ಒಯ್ಯುತ್ತಾರೆ, ನಾಳೆ ಬೇರೆ ಜೈಲಿಗೆ ಕಳಿಸುತ್ತಾರೆ, ನಾಡದು ಬಿಟ್ಟರೂ ಬಿಟ್ಟರು. ಅವನು ಎರಡು ವರ್ಷದ ಅಭ್ಯಾಸಕ್ರಮಕ್ಕೆ ಹೆಸರು ಹಚ್ಚುವುದು ಹೇಗೆ? ಶಿಕ್ಷೆ ಆಗಿಲ್ಲವಾದ್ದರಿಂದ ಅವನಿಂದ ದುಡಿಸಿಕೊಳ್ಳಲೂ ಬರೂದಿಲ್ಲ. ಮಗ್ಗ, ಬಡಗಿತನ, ಬೇಕರಿ ಎಲ್ಲಾ ಬಹುತೇಕ ಪಕ್ಕಾ ಕೈದಿಗಳಿಗೆ. ಹೀಗಾಗಿ ನಾಲ್ವರಲ್ಲಿ ಮೂವರು ಮುಂಜಾನೆಯಿಂದ ಸಂಜೆತನಕ ಸುಮ್ಮ ಕೂಡುತ್ತಾರೆ. ಇಪ್ಪತ್ತು ವರ್ಷದ ಹುಡುಗನನ್ನು, ಹಳೆಯ ಪಕ್ಕಾ ಮಂದಿ ನಡುವೆ, ಕೆಲಸವಿಲ್ಲದೆ ವರ್ಷಗಟ್ಟಲೆ ಕೂಡಿಸಿದರೆ ಅವನು ಏನು ಕಲಿಯುತ್ತಾನೆ? ಕಲಿಯುವುದಂತೂ ನಿಲ್ಲೂದಿಲ್ಲ. ಅಲ್ಲಿ ಮಾಸ್ತರ ಯಾರು ಅನ್ನೋದಷ್ಟೇ ಪ್ರಶ್ನೆ.

ಗರ್ದಿ ಶಾಲೆಯನ್ನು ಹೇಗೆ ಕೊಲ್ಲುತ್ತದೆ ಎಂದು ನಮ್ಮ ಮಾಸ್ತರರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಖೋಲಿಯಲ್ಲಿ ಎರಡು ವರ್ಗ ಕೂಡಿಸಿ ಪಾಠ ಮಾಡಿದವರು ನೀವು. ಜೈಲಿನಲ್ಲಿ ಅದರ ಜೊತೆಗೆ ರಾತ್ರಿ ಮಗ್ಗಲು ತಿರುವಲಿಕ್ಕೆ ಜಾಗವಿಲ್ಲ, ಮುಂಜಾನೆ ಸಂಡಾಸಿಗೆ ಸಾಲು, ನೀರಿಗೆ ಸಾಲು, ಊಟಕ್ಕೆ ಸಾಲು. ಕಾವಲಿನವರು ಎಣಿಕೆ ಮಾಡುವುದರಲ್ಲೇ ಅರ್ಧ ದಿನ ಕಳೆಯುತ್ತಾರೆ. ಓದುವ ಖೋಲಿಯಲ್ಲಿ ಮಂದಿ ಮಲಗುವಂತಾದರೆ ಪುಸ್ತಕದ ಕಪಾಟನ್ನು ಮೊದಲು ಹೊರಗಿಡುತ್ತಾರೆ.

ಬ್ರೆಜಿಲ್ ದೇಶದಲ್ಲಿ 2012ರಲ್ಲಿ ಒಂದು ವ್ಯವಸ್ಥೆ ಶುರು ಮಾಡಿದರು. ಕೈದಿ ಒಂದು ಪುಸ್ತಕ ಓದಿ ಅದರ ಬಗ್ಗೆ ಬರೆದು ಕೊಟ್ಟರೆ ನಾಲ್ಕು ದಿನ ಶಿಕ್ಷೆ ಕಡಿಮೆ. ವರ್ಷಕ್ಕೆ ಹನ್ನೆರಡು ಪುಸ್ತಕ, ನಲವತ್ತೆಂಟು ದಿನ. ನಮ್ಮ ವಾಚನಾಲಯದ ಸದಸ್ಯರಿಗೆ ಇಂಥ ನಿಯಮ ಹಚ್ಚಿದರೆ ಎಷ್ಟು ಮಂದಿ ಹನ್ನೆರಡು ಮುಟ್ಟಿಸುತ್ತಾರೋ!

ದೂರದ ಮಾತು ಬಿಡೋಣ. ‘ಶ್ಯಾಮಚಿ ಆಯಿ’ ಓದದ ಮಾಸ್ತರ ನಮ್ಮ ತಾಲೂಕಿನಲ್ಲಿ ಸಿಗಲಿಕ್ಕಿಲ್ಲ. ಸಾನೆ ಗುರೂಜಿ ಅದನ್ನು ಬರೆದದ್ದು 1933ರಲ್ಲಿ, ನಾಶಿಕದ ಜೈಲಿನಲ್ಲಿ. ವಿನೋಬಾ ಅವರ ಗೀತಾ ಪ್ರವಚನ 1932ರಲ್ಲಿ ಧುಳೆ ಜೈಲಿನಲ್ಲಿ ಕೈದಿಗಳ ಮುಂದೆ ಆಡಿದ್ದು, ಕೂತು ಬರೆದುಕೊಂಡವರು ಅದೇ ಸಾನೆ ಗುರೂಜಿ. ಗಡಿ ಚಳವಳಿಯಲ್ಲಿ ಎರಡೂ ಕಡೆಯವರು ಜೈಲಿಗೆ ಹೋಗಿ ಬಂದಾಗ ನಾವು ಹಾರ ಹಾಕಿದ್ದೇವೆ, ಹಲಗಿ ಬಾರಿಸಿದ್ದೇವೆ. ಜೈಲಿಗೆ ಹೋದವನೆಲ್ಲ ಕೆಟ್ಟವನಲ್ಲ ಅನ್ನೋದು ನಮಗೆ ಗೊತ್ತೇ ಇದೆ. ಹೋದವನು ಬಡವನಾಗಿದ್ದರೆ ಮಾತ್ರ ಮರೆತುಬಿಡುತ್ತೇವೆ.

ಖರೇ ಗುನ್ಹೆ ಮಾಡಿದವನ ಕತೆ ಏನು? ಅದಕ್ಕೂ ನಮ್ಮ ಮಗ್ಗಲಲ್ಲೇ ಉತ್ತರ ಇದೆ. ಸಾಂಗ್ಲಿ ಜಿಲ್ಲೆಯ ಆಟಪಾಡಿ ಹತ್ತಿರ ಸ್ವತಂತ್ರಪುರ ಎಂಬ ವಸಾಹತು. ಅದು ಆಗ ಔಂಧ ಸಂಸ್ಥಾನದ ಸೀಮೆ. ರಾಜರು ಭವಾನರಾವ ಪಂತ ಪ್ರತಿನಿಧಿ, ಅವರ ಮಗ ಅಪ್ಪಾ ಪಂತ. ಬೆಂಗಳೂರಿಗೆ ಇಂಜಿನಿಯರ್ ಕೆಲಸಕ್ಕೆ ಬಂದು ಇಲ್ಲಿಯವನೇ ಆಗಿಹೋದ ಪೋಲಂಡ್ ಮೂಲದ ಮೌರಿಸ್ ಫ್ರಿಡ್‌ಮನ್ ಇವರ ಜೊತೆ ಸೇರಿದ. 1939ರಲ್ಲಿ ಇವರು ದೊಡ್ಡ ಗುನ್ಹೆಯ ಕೈದಿಗಳನ್ನು ಕೋಣೆಯಿಂದ ಹೊರಗೆ ತಂದು ಬಯಲಿನಲ್ಲಿ ಬಿಟ್ಟರು. ಬೇಡಿ ಇಲ್ಲ, ಎತ್ತರದ ಗೋಡೆ ಇಲ್ಲ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಿರಿ, ಈ ಬರಡು ನೆಲ ಹಸನು ಮಾಡಿ ಉಣ್ಣಿರಿ ಎಂದರು. ಅದೇ ಪ್ರಯೋಗದ ಎಳೆ ಹಿಡಿದು ಗ. ದಿ. ಮಾಡಗೂಳಕರ ಕತೆ ಬರೆದರು. ಕೊಲ್ಹಾಪುರದಲ್ಲಿ ಹುಟ್ಟಿದ ವ್ಹಿ. ಶಾಂತಾರಾಮ 1957ರಲ್ಲಿ ‘ದೋ ಆಂಖೇ ಬಾರಹ ಹಾಥ’ ಸಿನೆಮಾ ತೆಗೆದರು. ಬರ್ಲಿನ್ ತನಕ ಹೋಗಿ ಬಹುಮಾನ ತಂದಿತು. ನಮ್ಮ ಹಿರಿಯರು ಟೂರಿಂಗ್ ಟಾಕೀಸಿನಲ್ಲಿ ಅದನ್ನು ನೋಡಿ ಅತ್ತು ಮನೆಗೆ ಬಂದರು. ಸ್ವತಂತ್ರಪುರ ಇಂದಿಗೂ ಇದೆ, ಸರಕಾರದ ಕಾರಾಗೃಹ ಖಾತೆಯೇ ನಡೆಸುತ್ತದೆ. ಎಂಬತ್ತು ವರ್ಷ ದಾಟಿದರೂ ಅದು ಕೆಲವೇ ಕುಟುಂಬದ ವಸಾಹತಾಗಿ ಉಳಿದಿದೆ. ಸಿನೆಮಾಕ್ಕೆ ಚಪ್ಪಾಳೆ ಹೊಡೆದವರು ತಮ್ಮ ತಾಲೂಕಿಗೂ ಒಂದು ಸ್ವತಂತ್ರಪುರ ಬೇಕು ಎಂದು ಕೇಳಲಿಲ್ಲ. ಕೇಳಿದ್ದು ಹೊಸ ಜೈಲು.

ಕಳಂಬಾ ಜೈಲಿನ ಕೈದಿಗಳು ಕೊಲ್ಹಾಪುರದ ಅಂಬಾಬಾಯಿ ಗುಡಿಯ ಪ್ರಸಾದದ ಲಾಡು ಕಟ್ಟಿದವರು. ಯಾತ್ರೆಗೆ ಹೋದ ನಮ್ಮೂರ ಹೆಣ್ಣುಮಕ್ಕಳು ಆ ಲಾಡನ್ನು ಹಣೆಗೆ ಹಚ್ಚಿಕೊಂಡು ಬಾಯಿಗೆ ಹಾಕಿಕೊಂಡಿದ್ದಾರೆ, ಮನೆಗೆ ತಂದು ಹಂಚಿದ್ದಾರೆ. ತಪ್ಪೇನಿಲ್ಲ, ಪ್ರಸಾದ ಪ್ರಸಾದವೇ. ಆದರ ಅದೇ ಕೈ ಹೊರಗೆ ಬಂದು ನಮ್ಮೂರಿನಲ್ಲಿ ಬೇಕರಿ ಹಾಕುತ್ತೇನೆ ಅಂದರೆ ಖೋಲಿ ಬಾಡಿಗೆಗೆ ಕೊಡುವವರು ಯಾರು? ಕಬ್ಬಿನ ಗ್ಯಾಂಗಿಗೆ ಸೇರಿಸಿಕೊಳ್ಳುವವರು ಯಾರು? ಒಳಗೆ ಕಲಿತ ಕಸಬು ಹೊರಗೆ ನಡೆಯದಂತೆ ಮಾಡಿ, ಆಮೇಲೆ ‘ನೋಡ್ರಿ, ಅಂವ ಮತ್ತ ಒಳಗ ಹೋದ’ ಅನ್ನುತ್ತೇವೆ.

ಕಳುವಾದ ಮನೆಯವರ ಮಾತೂ ಹೇಳಬೇಕು. ಮೋಟಾರು ಕಳಕೊಂಡ ರೈತ ನೀರಿಲ್ಲದೆ ಒಣಗಿದ ಬೆಳೆ ನೋಡಿ ಶಾಪ ಹಾಕುತ್ತಾನೆ. ಅವನ ಸಿಟ್ಟು ಸುಳ್ಳಲ್ಲ, ಅವನಿಗೆ ನಾನು ಉಪದೇಶ ಮಾಡಲಾರೆ. ಒಂದು ಮಾತು ಮಾತ್ರ ಕೇಳುತ್ತೇನೆ. ಆರೋಪಿ ಎರಡು ವರ್ಷ ಸುಮ್ಮ ಒಳಗೆ ಕೂತರೆ ಮೋಟಾರು ತಿರುಗಿ ಬರುತ್ತದೇನು? ಹೊರಗಿದ್ದು ದುಡಿದರೆ, ಖಟ್ಲೆ ಬೇಗ ನಡೆದರೆ, ಗುನ್ಹೆ ಸಿದ್ಧವಾದರೆ, ಅವನಿಂದ ವಸೂಲಿಯಾದರೂ ಆದೀತು. ತಾರೀಖಿನ ಮೇಲೆ ತಾರೀಖು ಬೀಳುವುದರಿಂದ ಕಳಕೊಂಡವನಿಗೂ ನ್ಯಾಯ ಇಲ್ಲ.

ಜಾಮೀನು ಅಂದರೆ ನಮ್ಮ ಮಂದಿಗೆ ಇರುವ ಭಯವನ್ನೂ ಸ್ವಲ್ಪ ಬಿಡಿಸಬೇಕು. ಸಹಿ ಹಾಕಿದ ಕೂಡಲೇ ಹೊಲ ಹೋಯಿತು ಎಂದು ತಿಳಿದವರಿದ್ದಾರೆ. ಹಾಗಿಲ್ಲ. ಆರೋಪಿ ತಾರೀಖಿಗೆ ಬಾರದೆ ಓಡಿಹೋದರೆ ಮಾತ್ರ ಕೋರ್ಟು ಜಾಮೀನುದಾರನಿಗೆ ನೋಟೀಸು ಕೊಡುತ್ತದೆ. ಮುಚ್ಚಳಿಕೆಯಲ್ಲಿ ಬರೆದ ಮೊತ್ತದ ಮಟ್ಟಿಗೆ ಅವನು ಹೊಣೆ, ಅದಕ್ಕಿಂತ ಹೆಚ್ಚಿಗಿಲ್ಲ. ಕಾರಣ ಸರಿ ಅನಿಸಿದರೆ ಅದರಲ್ಲೂ ಕೋರ್ಟು ಕಡಿಮೆ ಮಾಡಬಹುದು. ಕಟ್ಟದೇ ಇದ್ದು, ವಸೂಲಿಯೂ ಆಗದಿದ್ದರೆ ಆರು ತಿಂಗಳವರೆಗೆ ದಿವಾಣಿ ಜೈಲು ಆಗಬಹುದು, ಇದನ್ನು ಮುಚ್ಚಿಡುವುದಿಲ್ಲ. ಹುಡುಗನ ಮೇಲೆ ವಿಶ್ವಾಸ ಹೋಯಿತು ಅನಿಸಿದರೆ ಯಾವಾಗ ಬೇಕಾದರೂ ಕೋರ್ಟಿಗೆ ಅರ್ಜಿ ಕೊಟ್ಟು ಜಾಮೀನಿನಿಂದ ಬಿಡಿಸಿಕೊಳ್ಳಲು ಬರುತ್ತದೆ. ಸೊಸಾಯಿಟಿಯ ಸಾಲಕ್ಕೆ ಒಬ್ಬರಿಗೊಬ್ಬರು ಜಾಮೀನು ನಿಲ್ಲುತ್ತೇವಲ್ಲ, ಅದಕ್ಕಿಂತ ಇದು ದೊಡ್ಡ ಧೋಕೆಯಲ್ಲ.

ರೊಕ್ಕದ ಅಡಚಣೆಗೂ ದಾರಿ ಇದೆ. ಬಡ ಕೈದಿಗಳಿಗಾಗಿ ಕೇಂದ್ರ ಸರಕಾರ 2023ರಲ್ಲಿ ಯೋಜನೆ ತಂದಿದೆ. ಯೋಜನೆ ತಂದಾಗಿನ ನಿಯಮದಂತೆ ಜಾಮೀನಿಗಾಗಿ 40,000 ರೂಪಾಯಿವರೆಗೆ, ದಂಡ ಕಟ್ಟಲು 25,000ದವರೆಗೆ, ಜಿಲ್ಲಾ ಸಮಿತಿ ಮಂಜೂರು ಮಾಡಬಹುದಾಗಿತ್ತು. ಜೈಲಿನಲ್ಲಿದ್ದವನಿಗೆ ಅವನ ಉತ್ಪನ್ನ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ಪುಕ್ಕಟೆ ವಕೀಲ ಕೊಡಬೇಕೆಂಬುದು 1987ರ ಕಾಯ್ದೆ. ಈ ಎರಡು ಮಾತು ನಮ್ಮ ಪಂಚಾಯತಿಯ ಫಲಕದ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಇರಬೇಕಾಗಿತ್ತು. ಅಲ್ಲಿ ಈಗ ಕಳೆದ ವರ್ಷದ ಜಾತ್ರೆಯ ಫೋಟೊ ಇವೆ.

ವಾಚನಾಲಯದ ಮಂಡಳಿಗೆ ನಾನು ಕೇಳುವುದು ಇಷ್ಟು. ಒಂದು ವಹಿ ಮಾಡಿರಿ. ಜಾಮೀನು ನಿಲ್ಲಲು ತಯಾರಿದ್ದವರ ಹೆಸರು, ಅವರ ಗಟ್ ನಂಬರು, ಆಚೆಯ ಬೀಗರಲ್ಲಿ ಯಾರ ಪಹಣಿ ಎಲ್ಲಿದೆ ಅದೂ. ನನ್ನ ಹೆಸರು ಮೊದಲನೆಯದು ಬರೆದುಕೊಳ್ಳಿರಿ. ನಮ್ಮ ಕಪಾಟಿನಲ್ಲಿ ಎರಡೆರಡು ಪ್ರತಿ ಇರುವ ಪುಸ್ತಕಗಳಲ್ಲಿ ಒಂದೊಂದನ್ನು, ಕನ್ನಡದ್ದನ್ನು ಕಳಂಬಾಕ್ಕೆ, ಮರಾಠಿಯದನ್ನು ಹಿಂಡಲಗಾಕ್ಕೆ, ಅಧೀಕ್ಷಕರ ಒಪ್ಪಿಗೆ ಕೇಳಿ ಕಳಿಸೋಣ. ಕಳಂಬಾದಲ್ಲಿ ಕನ್ನಡ ಓದುವವನೂ ಹಿಂಡಲಗಾದಲ್ಲಿ ಮರಾಠಿ ಓದುವವನೂ ಇದ್ದೇ ಇರುತ್ತಾನೆ. ನಿವೃತ್ತ ಮಾಸ್ತರರಿಬ್ಬರು ತಿಂಗಳಿಗೊಮ್ಮೆ ಹೋಗಿ ಕೈದಿಗಳಿಗೆ ಅವರ ಕಾಗದ ಓದಿ ಹೇಳಲು ತಯಾರಿದ್ದೇವೆ ಎಂದು ಜಿಲ್ಲಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಹಾಕೋಣ. ಆಗೂದಿಲ್ಲ ಅಂದರೆ ಆಗೂದಿಲ್ಲ ಎಂದು ಬರೆದು ಕೊಡಲಿ.

ಈ ಲೇಖನ ಬರೆಯುವ ಹೊತ್ತಿಗೆ ನಮ್ಮೂರಿನ ಇನ್ನೊಬ್ಬ ಹುಡುಗ ಒಳಗಿದ್ದಾನೆ. ಹೆಸರು ಬರೆಯುವುದಿಲ್ಲ, ಓದುವವರಲ್ಲಿ ಅರ್ಧ ಮಂದಿಗೆ ಗೊತ್ತು. ಜಾಮೀನು ಮಂಜೂರಾಗಿ ಐದು ವಾರವಾಯಿತು. ಮೊತ್ತ 25,000, ಜಾಮೀನುದಾರ ಒಬ್ಬ ಸಾಕು. ಈ ಸಲ ಕೋರ್ಟು ಗಡಿಯ ಈಚೆಯದ್ದೇ, ನಮ್ಮ ಸಾತಬಾರಾ ನಡೆಯುತ್ತದೆ. ಹುಡುಗನ ಮೊದಲಿನ ಜಾಮೀನಿನ ಖಟ್ಲೆಯಲ್ಲಿ ಈಗಾಗಲೇ ನನ್ನ ಉತಾರ ಇರುವುದರಿಂದ ವಕೀಲರು ಬೇರೆಯವರನ್ನು ಕೇಳುತ್ತಿದ್ದಾರೆ. ಅವನ ತಾಯಿ ಏಳು ಮನೆಗೆ ಹೋಗಿ ಬಂದಿದ್ದಾಳೆ. ಆ ಏಳೂ ಮನೆಯವರು ನಮ್ಮ ವಾಚನಾಲಯದ ಸದಸ್ಯರು. ಮುಂದಿನ ತಾರೀಖಿಗೆ ಹೋಗುವ ಮೊದಲ ಬಸ್ಸಿಗೆ ನಾನು ಆಕೆಯ ಜೊತೆ ಹೋಗುವವನಿದ್ದೇನೆ. ಎಂಟನೆಯ ಮನೆಯವರು ಸಾತಬಾರಾ, ಆಧಾರ, ಎರಡು ಫೋಟೊ ತಗೊಂಡು ಸ್ಟ್ಯಾಂಡಿಗೆ ಬರಲಿ, ತಿಕೀಟು ನಾನು ತೆಗೆಯುತ್ತೇನೆ.